ಊಟದ ಮೇಜಿನ ವಿಮಾನಪರ್ವ

ಕಾಫಿ ಲೋಟ ಹಿಡಿದು ಕಾಲು ಚಾಚಿ ಕೂತಿರುವ ಸಜ್ಜನರೇ, ಕೇಳಿರಿ. ಅದು ಊಟದ ಮೇಜುಗಳ ಮೇಲೆ ಊಟವಿಲ್ಲದಿದ್ದ ಯುಗ. ಬೆಂಗಳೂರಿನ ಪೂರ್ವ ದಿಕ್ಕಿನಲ್ಲಿ, ದಿನಕ್ಕೆ ಹತ್ತು ಸಲ ನೆತ್ತಿಯ ಮೇಲೆ ಆಕಾಶ ಹರಿದ ಸದ್ದಾದರೂ ಯಾರೊಬ್ಬರೂ ಕತ್ತೆತ್ತಿ ನೋಡದ ವಿಮಾನ ಕಾರ್ಖಾನೆಯ ಬಡಾವಣೆಯಲ್ಲಿ, ಮೂರನೆಯ ಅಡ್ಡರಸ್ತೆಯ ಮೊದಲ ಮಹಡಿಯ ಮನೆಯಲ್ಲಿ, ಸಾರಿನ ಪಾತ್ರೆ ಮೇಜಿನಿಂದ ಪದಚ್ಯುತವಾಗಿ ನೆಲಕ್ಕಿಳಿದು ಎಪ್ಪತ್ತೆಂಟು ದಿನಗಳಾಗಿದ್ದವು. ಅನ್ನ ಚಾಪೆಯ ಮೇಲಿತ್ತು, ಉಪ್ಪಿನಕಾಯಿ ಕಿಟಕಿಯ ಕಟ್ಟೆಯ ಮೇಲಿತ್ತು, ಮಜ್ಜಿಗೆ ಎಲ್ಲಿದೆಯೆಂದು ದಿನವೂ ಹುಡುಕಬೇಕಿತ್ತು. ನಾಲ್ಕು ಕಾಲಿನ ಆ ತೇಗದ ಸಾಮ್ರಾಜ್ಯವನ್ನು ಗೆದ್ದು ಆಳುತ್ತಿದ್ದವನು ಒಬ್ಬನೇ.

ಅವನು ತಿಮ್ಮರಾಯಪ್ಪ. ಅರವತ್ತಾರು ಸಂವತ್ಸರಗಳನ್ನು ಕಂಡವನು. ಮೂಗಿನ ತುದಿಯಲ್ಲಿ ಒಂದು ಕನ್ನಡಕವನ್ನೂ ಹಣೆಯ ಮೇಲೆ ಇನ್ನೊಂದನ್ನೂ ಧರಿಸಿ ಮೂರನೆಯದನ್ನು ಹುಡುಕುತ್ತಿದ್ದ ಉಪನೇತ್ರತ್ರಯಭೂಷಣ. ಕಾರ್ಖಾನೆಯ ಪೇಂಟ್ ಶಾಪಿನಲ್ಲಿ ಮೂವತ್ತಮೂರು ವರ್ಷ ಸ್ಪ್ರೇ ಗನ್ನನ್ನು ಕೆಳಗಿಡದ ವರ್ಣವರ್ಷಧುರಂಧರ. ವರ್ಷಕ್ಕೊಮ್ಮೆ ಕಾರ್ಖಾನೆಯ ಪೌರಾಣಿಕ ನಾಟಕದಲ್ಲಿ ಸೇನಾಪತಿಯ ಪಾತ್ರ ಕಟ್ಟಿ, ಆ ಮಾತಿನ ಧಾಟಿಯನ್ನು ಸಿಟ್ಟಿನ ಹೊತ್ತಿಗೆಂದು ಇಂದಿಗೂ ಕಂಠದಲ್ಲಿ ಉಳಿಸಿಕೊಂಡವನು.

ಆತನ ಸನ್ನಿಧಿಗೆ ವಿಮಾನಗಳು ತಮ್ಮ ಕಾಲಮೇಲೆ ಬರುತ್ತಿರಲಿಲ್ಲ. ಕುದುರೆ ಎಂದು ಕರೆಯುತ್ತಿದ್ದ ಕಬ್ಬಿಣದ ಆಧಾರಗಳ ಮೇಲೆ ಆರೂಢವಾಗಿ, ಬಣ್ಣ ತಾಗದಂತೆ ಚಕ್ರಗಳಿಗೆ ಕಂದು ಕಾಗದ ಸುತ್ತಿಸಿಕೊಂಡು, ಮದುವಣಗಿತ್ತಿಯರ ಹಾಗೆ ಬರುತ್ತಿದ್ದವು. ಬಣ್ಣ ತೊಟ್ಟು ಅದೇ ಕುದುರೆಗಳ ಮೇಲೆ ಹೊರಟುಹೋಗುತ್ತಿದ್ದವು. ಆಮೇಲೆ ಅವು ನೆಲದ ಮೇಲೆ ಹೇಗೆ ನಿಲ್ಲುತ್ತವೆ ಎಂಬುದು ಆತನ ವಿಭಾಗದ ಮಾತಾಗಿರಲಿಲ್ಲ. ಸಜ್ಜನರು ಇದನ್ನು ಮನಸ್ಸಿನ ಮೂಲೆಯಲ್ಲಿಟ್ಟುಕೊಳ್ಳಬೇಕು. ಈ ಕಥೆ ಕಡೆಗೆ ಅದರ ಮೇಲೆಯೇ ಕೂರಲಿದೆ.

ವೀರನಿದ್ದಮೇಲೆ ವೈರಿ ಇರಬೇಕಲ್ಲ. ಅವನು ಅರುಳಪ್ಪ, ಅಸೆಂಬ್ಲಿ ವಿಭಾಗದ ಅತಿರಥ, ಬಿಡಿಭಾಗಗಳನ್ನು ಕೂಡಿಸಿ ವಿಮಾನವನ್ನು ವಿಮಾನವಾಗಿಸುತ್ತಿದ್ದ ಸಂಧಾನಚತುರ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಒಂದೇ ಬಸ್ಸಿನಲ್ಲಿ ಹೋದವರು, ಒಂದೇ ದಿನ ಶಾಲು ಹೊದಿಸಿಕೊಂಡು ನಿವೃತ್ತರಾದವರು. ಆದರೂ ಮೂವತ್ತಮೂರು ವರ್ಷ, ತಿಮ್ಮರಾಯಪ್ಪ ಎಲ್ಲಿ ಯಾರ ಮುಂದೆ “ನಾನು ವಿಮಾನ ಮಾಡ್ತೀನಿ” ಎಂದರೂ, ಪಕ್ಕದಿಂದ ಅರುಳಪ್ಪ “ಮಾಡೋದು ನಾವು, ಇವನು ಬಣ್ಣ ಹೊಡೀತಾನೆ” ಎಂದು ತಿದ್ದುತ್ತಿದ್ದ. ತಿಮ್ಮರಾಯಪ್ಪನ ಮಗಳ ಮದುವೆಯಲ್ಲಿ ಬೀಗರ ಮುಂದೆಯೂ ತಿದ್ದಿದ. ಬೀಗರು ಅಂದೇ ತಮ್ಮ ಮನೆಯ ಕಾಂಪೌಂಡಿನ ಬಣ್ಣದ ಬಗ್ಗೆ ಸಲಹೆ ಕೇಳಿದರು. ಆ ಗಾಯ ಮಾದಿರಲಿಲ್ಲ.

ಆ ವರ್ಷದ ಆಷಾಢದಲ್ಲಿ, ನಿವೃತ್ತ ನೌಕರರ ಸಂಘದ ಕೋಣೆಯಲ್ಲಿ, ಬೋಂಡದ ತಟ್ಟೆಯ ಸುತ್ತ ಸಭೆ ನೆರೆದಿತ್ತು. ಸಂಘದ ಅಧ್ಯಕ್ಷ ಹಾಲಪ್ಪ, ಒಂದು ಕಾಲಕ್ಕೆ ಟೈಮ್ ಆಫೀಸಿನಲ್ಲಿದ್ದು ಇಡೀ ಕಾರ್ಖಾನೆಯ ತಡಗಳನ್ನು ಬರೆದಿಟ್ಟವರು, ಎದ್ದು ನಿಂತು ಸಾರಿದರು.

“ಈ ಸಲ ಆಯುಧಪೂಜೆಗೆ ಬರೀ ಸ್ಪ್ಯಾನರ್ ಸುತ್ತಿಗೆ ಇಟ್ರೆ ಆಗಲ್ಲ. ಯಾರ್‍ಯಾರಿಗೆ ಆಗತ್ತೋ ಅವರು ಒಂದೊಂದು ವಿಮಾನದ ಮಾಡೆಲ್ ಮಾಡ್ಕೊಂಡು ಬನ್ನಿ. ಪ್ಲಾಸ್ಟಿಕ್ ಕಿಟ್ ಸಿಗತ್ತೆ. ಕೈಯಾರೆ ಕಟ್ಟಿರಬೇಕು ಅಷ್ಟೇ.”

“ಕಟ್ಟಿರಬೇಕು ಅಂದ್ರೆ ನಮ್ಮ ಅಸೆಂಬ್ಲಿಯೋರು ತರ್ತೀವಿ ಸರ್,” ಎಂದ ಅರುಳಪ್ಪ, ಬೋಂಡ ಮುರಿಯುತ್ತ. “ತಿಮ್ಮ, ನೀನು ಬೇಜಾರಾಗ್ಬೇಡ. ಅವತ್ತು ಬೇಗ ಬಂದು ಗೇಟಿಗೆ ಒಂದು ಕೋಟ್ ಹೊಡೆದುಬಿಡು.”

ಸಭೆ ನಕ್ಕಿತು. ತಿಮ್ಮರಾಯಪ್ಪನೂ ನಕ್ಕ, ಏಕೆಂದರೆ ಬಾಯಲ್ಲಿ ಬೋಂಡವಿತ್ತು. ಆದರೆ ಆ ಬೋಂಡ ಗಂಟಲಿನಿಂದ ಇಳಿಯುವಷ್ಟರಲ್ಲಿ ಪ್ರತಿಜ್ಞೆ ಸಿದ್ಧವಾಗಿತ್ತು. ಮನೆಗೆ ಬಂದು, ಚಪ್ಪಲಿ ಬಿಡದೆ, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಹೆಂಡತಿ ಸುಭದ್ರಮ್ಮನನ್ನು ಕುರಿತು ಸೇನಾಪತಿಯ ದನಿಯಲ್ಲಿ ಗರ್ಜಿಸಿದ.

“ಎಲೌ ಸುಭದ್ರೆ, ಈ ಬಾಹುಗಳನ್ನು ನೋಡು. ಗಗನವಿಹಾರಿಗಳಿಗೆ ವರ್ಣಕವಚ ತೊಡಿಸಿದ ಬಾಹುಗಳಿವು. ಆಯುಧಪೂಜೆಯ ದಿನ, ತುಂಬಿದ ಸಭೆಯಲ್ಲಿ, ಆ ಅರುಳಪ್ಪನ ಬಾಯಿಂದಲೇ ‘ಇದನ್ನು ಕಟ್ಟಿದವನು ತಿಮ್ಮರಾಯಪ್ಪ’ ಎಂದು ನುಡಿಸದೆ ಹೋದರೆ, ಇನ್ನು ಮೇಲೆ ಆ ಸಂಘದ ಬೋಂಡ ಈ ನಾಲಿಗೆಗೆ ನಿಷಿದ್ಧ.”

“ಬೋಂಡ ಬಿಟ್ರೆ ಒಳ್ಳೇದೇ. ಶುಗರ್ ಇಳಿಯತ್ತೆ,” ಎಂದಳು ಸುಭದ್ರಮ್ಮ. “ಚಪ್ಪಲಿ ಹೊರಗೆ ಬಿಟ್ಟು ಬಂದು ಈ ಕಾಯಿ ತುದಿ ಮುರೀರಿ.”

ಹತ್ತು ದಿನಕ್ಕೆ ಕೊರಿಯರಿನವನು ಒಂದು ಡಬ್ಬ ತಂದಿತ್ತ. ಅದರ ಮುಚ್ಚಳದ ಮೇಲೆ ಬೆಂಕಿಯುಗುಳುತ್ತ ಮೋಡಗಳನ್ನು ಸೀಳುವ ಯುದ್ಧವಿಮಾನದ ಚಿತ್ರವಿತ್ತು. ಒಳಗೆ ಹಲ್ಲುಜ್ಜುವ ಬ್ರಷ್ಷಿನ ಹಿಡಿಯಂತಹ ಬೂದು ಪ್ಲಾಸ್ಟಿಕ್ಕಿನ ಚೌಕಟ್ಟುಗಳಲ್ಲಿ ಅದೇ ವಿಮಾನ ನೂರ ಹದಿನೆಂಟು ತುಂಡುಗಳಾಗಿ ನೇತಾಡುತ್ತಿತ್ತು. ನಿಜವಾದ ವಿಮಾನದ ನಲವತ್ತೆಂಟನೆಯ ಒಂದು ಭಾಗ. ಕಟ್ಟಿ ಮುಗಿಸಿದರೆ ಒಂದೂವರೆ ಗೇಣು. ಮೂವತ್ತು ವರ್ಷದ ಹಿಂದೆ ಇದೇ ಜಾತಿಯ ವಿಮಾನಕ್ಕೆ ಬಣ್ಣವೆರೆದಿದ್ದ ವೀರನ ಕಣ್ಣು ತೇವವಾಯಿತು. ಅದನ್ನು ಮರೆಮಾಚಲು ಎರಡು ಕನ್ನಡಕಗಳನ್ನೂ ಒಟ್ಟಿಗೆ ಒರೆಸಿದ.

ಡಬ್ಬದ ತಳದಲ್ಲಿ ಮಡಿಚಿದ ಒಂದು ದೊಡ್ಡ ಹಾಳೆಯಿತ್ತು. ಯಾವ ತುಂಡಿಗೆ ಯಾವ ತುಂಡು, ಯಾವುದರ ನಂತರ ಯಾವುದು ಎಂದು ಚಿತ್ರ ಬರೆದು ತೋರಿಸುವ ಹಾಳೆ. ತಿಮ್ಮರಾಯಪ್ಪ ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿದ.

“ನನಗೆ ವಿಮಾನ ಹೇಳ್ಕೊಡೋಕೆ ಒಂದು ಕಾಗದ.”

“ಬೇಡವಾದ್ರೆ ಇಲ್ಲಿ ಕೊಡಿ. ದಪ್ಪ ಇದೆ,” ಎಂದು ಸುಭದ್ರಮ್ಮ ಇಸಿದುಕೊಂಡು, ಅಡುಗೆಮನೆಯ ಕಪಾಟಿನಲ್ಲಿ ಸಾಸಿವೆ ಜೀರಿಗೆ ಡಬ್ಬಗಳ ಕೆಳಗೆ ಹಾಸಿದಳು. ಎರಡು ದಿನದ ಮೇಲೆ ಒಗ್ಗರಣೆಗೆ ಸಾಸಿವೆ ತೆಗೆಯುತ್ತ ಅಲ್ಲಿಂದಲೇ ಕೂಗಿ ಹೇಳಿದಳು.

“ರೀ, ಇದರಲ್ಲಿ ಮೂತಿ ಒಳಗೆ ಏನೋ ಗುಂಡು ಇಡೋ ಹಾಗೆ ಚಿತ್ರ ಇದೆ. ಹತ್ತು ಗ್ರಾಂ ಅಂತಿದೆ.”

“ಅದು ಆಡೋ ಮಕ್ಕಳಿಗೆ ಕಣೇ. ಗಡಗಡ ಸದ್ದು ಬರಲಿ ಅಂತ.”

ಸುಭದ್ರಮ್ಮ ಸಾಸಿವೆ ಡಬ್ಬವನ್ನು ಅದರ ಜಾಗದಲ್ಲಿಟ್ಟಳು. ಒಂದು ವಿಷಯವನ್ನು ಎರಡು ಸಲ ಹೇಳುವ ಅಭ್ಯಾಸವನ್ನು ಅವಳು ಮದುವೆಯಾದ ನಾಲ್ಕನೇ ವರ್ಷವೇ ಬಿಟ್ಟಿದ್ದಳು.

ಹೀಗೆ ಸಮರ ಆರಂಭವಾಯಿತು. ಮೊದಲು ಮಂಗಳಸ್ನಾನ: ನೂರ ಹದಿನೆಂಟು ತುಂಡುಗಳೂ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಮಿಂದು, ಸುಭದ್ರಮ್ಮ ಬಿಟ್ಟುಕೊಡಲೇಬೇಕಾಗಿ ಬಂದ ಹಪ್ಪಳದ ಬಟ್ಟೆಯ ಮೇಲೆ ಒಣಗಿದವು. ಅಚ್ಚಿನಿಂದ ಬಂದ ಪ್ಲಾಸ್ಟಿಕ್ಕಿಗೆ ಕಣ್ಣಿಗೆ ಕಾಣದ ಜಿಡ್ಡಿರುತ್ತದೆ. ಜಿಡ್ಡಿನ ಮೇಲೆ ಬಳಿದ ಬಣ್ಣ ಬಣ್ಣವಲ್ಲ, ಬರೀ ನಂಬಿಕೆ. ಇದು ಪೇಂಟ್ ಶಾಪಿನ ಮೊದಲ ಪಾಠ. ಆಮೇಲೆ ಸಂಧಾನ: ಮೊಳೆಯಷ್ಟು ಸಣ್ಣ ಬ್ರಷ್ಷಿನಿಂದ ಅಂಟು ಸವರಿ, ಉಸಿರು ಕಟ್ಟಿ, ರೆಕ್ಕೆಯ ಮೇಲ್ಮೈಗೆ ಕೆಳಮೈ ಸೇರಿಸಿ, ಅದು ಹಿಡಿಯುವವರೆಗೆ ಬಟ್ಟೆ ಒಣಹಾಕುವ ಹನ್ನೊಂದು ಕ್ಲಿಪ್ಪುಗಳಿಂದ ಬಂಧಿಸಲಾಯಿತು. ಆ ದಿನ ಮನೆಯ ಸೀರೆಗಳು ಗಾಳಿಗೆ ಹಾರಿ ಕೆಳಮನೆಯವರ ಕರಿಬೇವಿನ ಗಿಡ ಸೇರಿದವು.

ಹನ್ನೆರಡನೆಯ ದಿನ ಘೋರವೊಂದು ನಡೆಯಿತು. ಪೈಲಟ್ಟಿನ ಆಸನದ ಹಿಂದೆ ಕೂರಬೇಕಾದ, ಅಕ್ಕಿಯ ಅರ್ಧದಷ್ಟಿದ್ದ ಅರವತ್ತೇಳನೆಯ ತುಂಡು ಚಿಮಟದ ಬಾಯಿಂದ ಟಣ್ಣೆಂದು ಹಾರಿ ಅಂತರ್ಧಾನವಾಯಿತು. ವೀರನು ಮಂಡಿಯೂರಿದ. ಟಾರ್ಚನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು, ಸೋಫಾದ ಅಡಿಯ ಪಾತಾಳವನ್ನೂ ಫ್ರಿಜ್ಜಿನ ಹಿಂದಿನ ಗುಹೆಯನ್ನೂ ಶೋಧಿಸಿದ. ಎರಡು ಗಂಟೆ ಕಾಲ ಮನೆಯಲ್ಲಿ ಯಾರೂ ಕಾಲೂರುವಂತಿರಲಿಲ್ಲ. ಸುಭದ್ರಮ್ಮ ಕುರ್ಚಿಯ ಮೇಲೆ ಕಾಲು ಮಡಿಚಿ ಕೂತು ಸೊಪ್ಪು ಬಿಡಿಸಿದಳು.

“ಒಂದು ಚೂರು ತಾನೇ. ಒಳಗಿರೋದು ಯಾರಿಗೆ ಕಾಣತ್ತೆ?”

“ನನಗೆ ಕಾಣತ್ತೆ.”

“ನಿಮಗೆ ಎದುರಿಗಿರೋ ಕನ್ನಡಕವೇ ಕಾಣಲ್ಲ.”

ತುಂಡು ಕಡೆಗೆ ವೀರನ ಬನಿಯನ್ನಿನ ಮಡಿಕೆಯಲ್ಲಿ ಸಿಕ್ಕಿತು. ಅವನು ಅದನ್ನು ತಕ್ಕ ಗಾಂಭೀರ್ಯದಿಂದ ಅಂಟಿಸಿ, ವಿಮಾನದ ಮೈಯ ಎಡ ಅರ್ಧದ ಮೇಲೆ ಬಲ ಅರ್ಧವನ್ನು ಮುಚ್ಚಿಬಿಟ್ಟ. ಮೂತಿಯಿಂದ ಬಾಲದವರೆಗೆ ಎಲ್ಲೂ ಕೂದಲೆಳೆಯ ಸಂದೂ ಉಳಿಯದಂತೆ ಮುಚ್ಚಿದ. ಒಳಗೆ ಇನ್ನು ಗಾಳಿಯೊಂದೇ.

ಆಮೇಲೆ ಬಂದದ್ದು ವರ್ಣಪರ್ವ. ಇಲ್ಲಿ ನಾಯಕನು ತನ್ನ ಸ್ವಂತ ರಾಜ್ಯಕ್ಕೆ ಮರಳಿದ್ದ. ಟಿವಿ ಬಂದ ಡಬ್ಬದ ಥರ್ಮಾಕೋಲನ್ನು ಕತ್ತರಿಸಿ ಎರಡು ಪುಟ್ಟ ಕುದುರೆಗಳನ್ನು ಮಾಡಿ, ವಿಮಾನವನ್ನು ಅವುಗಳ ಮೇಲೆ ಏರಿಸಿದ. ಹೆಸರುಬೇಳೆಯಷ್ಟಿದ್ದ ಮುಂದಿನ ಚಕ್ರಕ್ಕೂ ಕಂದು ಕಾಗದ ಸುತ್ತಿದ. ಬಾಲ್ಕನಿಯಲ್ಲಿ ಹಳೆಯ ಪಂಚೆ ಕಟ್ಟಿ ಧೂಳಿಗೆ ದಿಗ್ಬಂಧನ ಹಾಕಿ, ಮೊದಲು ತಿಳಿ ಬೂದು, ಅದರ ಮೇಲೆ ಹಸಿರು, ಅದರ ಮೇಲೆ ಮಣ್ಣಿನ ಕಂದು, ಒಂದೊಂದರ ಅಂಚೂ ಮುಂಜಾನೆಯ ಮಂಜಿನಂತೆ ಕರಗುವ ಹಾಗೆ ಎರಚಿದ. ವಾಯುಸೇನೆಯ ಮೂರು ಬಣ್ಣದ ವೃತ್ತಲಾಂಛನಗಳು ಬೇರೊಂದು ಪುಟ್ಟ ಸ್ಟಿಕ್ಕರ್ ಹಾಳೆಯಲ್ಲಿದ್ದವು. ನೀರಲ್ಲಿ ನೆನೆಸಿ ಜಾರಿಸಿ ರೆಕ್ಕೆಗೆ ಕೂರಿಸಬೇಕು. ಅವುಗಳಲ್ಲೊಂದು ರೆಕ್ಕೆಗೆ ಕೂರದೆ ವೀರನ ಹೆಬ್ಬೆರಳಿಗೆ ಕೂತು, ಅರ್ಧ ದಿನ ಅವನೇ ವಾಯುಸೇನೆಯ ಸ್ವತ್ತಾಗಿದ್ದ.

ಗಾಜಿನ ಗೂಡಿನ ಚೌಕಟ್ಟಿಗೆ ಎಳೆಯಷ್ಟು ತೆಳ್ಳಗೆ ಗೆರೆ ಎಳೆಯುವ ಹೊತ್ತಿಗೆ ಮಾತ್ರ ಕೈ ನಡುಗಿತು. ಮೂರು ಸಲ ಎಳೆದ, ಮೂರು ಸಲ ಒರೆಸಿದ. ಸುಭದ್ರಮ್ಮ ಹಿಟ್ಟಿನ ಕೈ ತೊಳೆದು ಬಂದು, ಬ್ರಷ್ಷನ್ನು ಅವನ ಬೆರಳಿಂದ ಬಿಡಿಸಿಕೊಂಡು, ನಲವತ್ತು ವರ್ಷ ಹೊಸ್ತಿಲಿಗೆ ರಂಗೋಲಿ ಎಳೆದ ಬೆರಳಲ್ಲಿ ಎಂಟು ಗೆರೆಗಳನ್ನು ಉಸಿರಾಡುತ್ತಲೇ ಎಳೆದು ಮುಗಿಸಿದಳು.

“ಇದನ್ನ ಅರುಳಪ್ಪಂಗೆ ಹೇಳ್ಬೇಡ,” ಎಂದ ತಿಮ್ಮರಾಯಪ್ಪ.

“ಹೇಳಲ್ಲ. ಆದ್ರೆ ಕೇಳಿ. ಹಬ್ಬದ ದಿನ ಮಧ್ಯಾಹ್ನ ನನ್ನ ಮೇಜು ನನಗೆ ಬೇಕು. ಮಂಡಿ ಹಿಡ್ಕೊಂಡು ಎಷ್ಟು ದಿನ ನೆಲದ ಮೇಲೆ ಬಡಿಸೋದು ನಾನು?”

ಅವಳು ಅದನ್ನು ಬೇಸರವಿಲ್ಲದೆ, ಹಾಲಿಗೆ ಹೆಪ್ಪು ಹಾಕಿದ್ದೀನಿ ಎನ್ನುವಷ್ಟು ಸಾಧಾರಣವಾಗಿ ಹೇಳಿದಳು. ಅವನಿಗೆ ಅವಳ ಮಂಡಿಯ ನೆನಪು ಎಪ್ಪತ್ತು ದಿನಗಳಲ್ಲಿ ಅದೇ ಮೊದಲು ಬಂದದ್ದು. ಹಬ್ಬದ ದಿನ ಮೇಜು ನಿನ್ನದು ಎಂದು ಮಾತು ಕೊಟ್ಟ, ಸೇನಾಪತಿಯ ದನಿಯಲ್ಲಲ್ಲ, ಸುಮ್ಮನೆ.

ಆಯುಧಪೂಜೆಯ ಬೆಳಗು ಬಂತು. ಚಕ್ರಗಳ ಕಾಗದ ಬಿಚ್ಚಿ, ಕುದುರೆಗಳ ಸಮೇತ ವಿಮಾನವನ್ನು ಕೇಕಿನ ಡಬ್ಬದಲ್ಲಿಟ್ಟು, ಡಬ್ಬವನ್ನು ಸುಭದ್ರಮ್ಮನ ಮಡಿಲಲ್ಲಿಟ್ಟು, ಸುಭದ್ರಮ್ಮನನ್ನು ಸ್ಕೂಟರಿನ ಹಿಂದೆ ಕೂರಿಸಿ ಮಹಾರಥಿ ಹೊರಟ. ಪ್ರತಿ ಗುಂಡಿಯ ಮುಂದೆಯೂ ಇಳಿದು ತಳ್ಳಿಕೊಂಡು ಹೋದದ್ದರಿಂದ ಒಂದು ಕಿಲೋಮೀಟರಿಗೆ ನಲವತ್ತು ನಿಮಿಷ ಹಿಡಿಯಿತು. ಸಂಘದ ಅಂಗಳದಲ್ಲಿ ಸ್ಕೂಟರ್ ನಿಲ್ಲಿಸಿದಾಗ ಸುಭದ್ರಮ್ಮ, ಅದರ ಚಕ್ರಗಳ ಕೆಳಗಿಡುವ ನಿಂಬೆಹಣ್ಣು, ಹೂವು, ಕುಂಕುಮಗಳಿದ್ದ ತನ್ನ ವೈರ್ ಬುಟ್ಟಿಯೊಂದಿಗೆ ವಾಹನಪೂಜೆಗೆಂದು ಅಲ್ಲೇ ಉಳಿದಳು.

ಒಳಗೆ ಬಿಳಿ ಬಟ್ಟೆ ಹಾಸಿದ ಉದ್ದ ಬೆಂಚಿನ ಮೇಲೆ ಸ್ಪ್ಯಾನರು, ಡ್ರಿಲ್ಲು, ಸಂಘದ ಟೈಪ್‌ರೈಟರು, ಅಡುಗೆಯವರ ಈಳಿಗೆ ಎಲ್ಲವೂ ಹೂ ಮುಡಿದು ಕೂತಿದ್ದವು. ನಡುವೆ ಅರುಳಪ್ಪನ ವಿಮಾನ. ಅದೇ ಜಾತಿ, ಅದೇ ಅಳತೆ. ಬಣ್ಣದಲ್ಲಿ ಬ್ರಷ್ಷಿನ ಗೆರೆಗಳಿದ್ದವು. ಒಂದು ಕೂದಲೂ ಅಂಟಿತ್ತು. ಆದರೆ ಅದು ತನ್ನ ಮೂರು ಚಕ್ರಗಳ ಮೇಲೆ, ಈಗಲೋ ಆಗಲೋ ಓಡಿಬಿಡುವ ಹಾಗೆ, ನೆಟ್ಟಗೆ ನಿಂತಿತ್ತು.

ತಿಮ್ಮರಾಯಪ್ಪ ತನ್ನದನ್ನು ಡಬ್ಬದಿಂದ ತೆಗೆದು ಕುದುರೆಗಳ ಮೇಲೆ ಇಟ್ಟಾಗ ಸಭೆ ಬೆಂಚಿನ ಸುತ್ತ ಕವಿಯಿತು. ಯಾರೋ “ಅಯ್ಯೋ, ನಿಜದ್ದೇ” ಎಂದರು. ಅರುಳಪ್ಪ ಹತ್ತಿರ ಬಂದು ಬಗ್ಗಿ, ಅಂಚಿನಿಂದ ಅಂಚಿಗೆ ನೋಡಿದ. ಕೆಮ್ಮಿದ.

“ಬಣ್ಣ ಪರವಾಗಿಲ್ಲ. ಬಣ್ಣದ ಬಗ್ಗೆ ನಾನು ಯಾವತ್ತೂ ಏನೂ ಅಂದಿಲ್ಲ. ಆದ್ರೆ ಇದು ಯಾಕಯ್ಯ ಸ್ಟ್ಯಾಂಡ್ ಮೇಲೆ? ವಿಮಾನ ಅಂದ್ಮೇಲೆ ಕಾಲಮೇಲೆ ನಿಲ್ಬೇಕು.”

“ಹೌದು, ಹೌದು,” ಎಂದರು ಹಾಲಪ್ಪ. “ಪೂಜೆ ಆಗೋದು ಚಕ್ರಕ್ಕೆ. ಆ ಥರ್ಮಾಕೋಲ್ ತೆಗೀರಿ ತಿಮ್ಮರಾಯಪ್ಪ.”

ವೀರನು ಮುಗುಳ್ನಕ್ಕು, ಎರಡೂ ಕೈಗಳಲ್ಲಿ ತನ್ನ ಸೃಷ್ಟಿಯನ್ನೆತ್ತಿ, ಕುದುರೆಗಳನ್ನು ಸರಿಸಿ, ಮೂವತ್ತಮೂರು ವರ್ಷಗಳಲ್ಲಿ ಮೊದಲ ಬಾರಿಗೆ ಒಂದು ವಿಮಾನವನ್ನು ಅದರ ಚಕ್ರಗಳ ಮೇಲೆ ಇಳಿಸಿದ. ಕೈ ಬಿಡುವ ಮೊದಲೇ ಬೆರಳಿಗೆ ತಿಳಿಯಿತು. ಮೂತಿ ಮೇಲೇಳುತ್ತಿತ್ತು. ಮೆಲ್ಲಗೆ, ಯಾವ ಅವಸರವೂ ಇಲ್ಲದೆ, ಮಧ್ಯಾಹ್ನದ ನಿದ್ದೆಗೆ ಒರಗುವ ಮಾವನವರ ಹಾಗೆ ಆ ಶತ್ರುಸಂಹಾರಕ ಯಂತ್ರ ತನ್ನ ಬಾಲದ ಮೇಲೆ ಕೂರಲು ಹೊರಟಿತ್ತು.

ಗುಂಡು. ಹತ್ತು ಗ್ರಾಂ. ಸಾಸಿವೆ ಡಬ್ಬದ ಕೆಳಗಿನ ಚಿತ್ರ ಸಿಡಿಲಿನಂತೆ ಅವನ ತಲೆಯಲ್ಲಿ ಹೊಳೆಯಿತು. ಅದು ಸದ್ದಿಗಲ್ಲ, ಮೂತಿಯನ್ನು ನೆಲಕ್ಕೆ ಹಿಡಿಯಲು. ಈಗ ಒಳಗಿಡೋಣವೆಂದರೆ ಮೈ ಮುಚ್ಚಿಹೋಗಿದೆ.

ತಿಮ್ಮರಾಯಪ್ಪ ತೋರುಬೆರಳನ್ನು ವಿಮಾನದ ಮೂತಿಯ ಮೇಲೆ ಇಟ್ಟ. ಇಟ್ಟು ಹಾಗೆಯೇ ನಿಂತ.

ಬೆಟ್ಟವನ್ನು ಬೆರಳಲ್ಲಿ ಎತ್ತಿ ಹಿಡಿದವರ ಕಥೆಯನ್ನು ನಾವು ಕೇಳಿದ್ದೇವೆ. ಬೆರಳಲ್ಲಿ ಒಂದು ಮೂತಿಯನ್ನು ಅದುಮಿ ಹಿಡಿದವನ ಕಥೆಯನ್ನು ಇವತ್ತಿನವರೆಗೆ ಯಾರೂ ಹಾಡಿಲ್ಲ. ಐದು ನಿಮಿಷವಾಯಿತು. ಹತ್ತಾಯಿತು. ಬೆವರು ಕಿವಿಯ ಹಿಂದಿನಿಂದ ಇಳಿದು ಕಾಲರಿಗೆ ಸೇರಿತು. ಕಾಫಿ ಬಂತು, ಎಡಗೈಯಲ್ಲಿ ಕುಡಿದ. ಪಕ್ಕದ ಮನೆಯ ನಿವೃತ್ತರು ಕೈ ಕುಲುಕಲು ಬಂದರು, ಎಡಗೈ ಕೊಟ್ಟ.

ಅರುಳಪ್ಪ ಮತ್ತೆ ಬಂದ. “ಏನೋ ತಿಮ್ಮ, ಅದರ ಮೂಗು ಒತ್ಕೊಂಡೇ ನಿಂತಿದೀಯ?”

“ಬಣ್ಣ ಹಸಿ ಇದೆ.”

“ಹಸಿ ಇರೋ ಕಡೆ ಬೆರಳು ಇಡ್ತಾರಾ? ಪೇಂಟ್ ಶಾಪಿನೋನು ನೀನು.”

ಹಾಲಪ್ಪ ಬೆಂಚಿನ ಆ ತುದಿಯಿಂದ ವಿಭೂತಿ ಹಚ್ಚುತ್ತ ಹೊರಟಿದ್ದರು; ಇನ್ನು ಐದೇ ಯಂತ್ರ. ಅಲ್ಲಿಗೆ ಬಂದಾಗ ಬೆರಳು ತೆಗೆಯಲೇಬೇಕು. ತೆಗೆದರೆ ಮೂತಿ ಮೇಲೇಳುತ್ತದೆ, ಸಭೆ ನಗುತ್ತದೆ, ಅರುಳಪ್ಪ ಬಾಯಿ ತೆರೆಯುತ್ತಾನೆ. ಅವನು ಹೇಳುವುದು ಇಂದು ನಿಜವೂ ಆಗಿರುತ್ತದೆ. ಬಣ್ಣ ಹೊಡೆದವನು, ಕಟ್ಟಿದವನಲ್ಲ. ಆ ಮಾತನ್ನು ಇನ್ನು ಸಾಯುವವರೆಗೆ ತಿದ್ದಲಾಗುವುದಿಲ್ಲ.

“ಸ್ವಲ್ಪ ಸರೀರಿ.”

ಸುಭದ್ರಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ, ವೈರ್ ಬುಟ್ಟಿ ಮೊಣಕೈಗೆ ಹಾಕಿ ನಿಂತಿದ್ದಳು. ಗಂಡನ ಬೆರಳನ್ನಾಗಲಿ ಮುಖವನ್ನಾಗಲಿ ನೋಡಲಿಲ್ಲ. ಬುಟ್ಟಿಯಿಂದ ಒಂದು ಪುಟ್ಟ ನಿಂಬೆಹಣ್ಣು ತೆಗೆದು, ಕುಂಕುಮ ಹಚ್ಚಿ, ಉರುಳದಂತೆ ಅದರ ಅಡಿಯಲ್ಲಿ ಚೆಂಡುಹೂವಿನ ಎಸಳುಗಳನ್ನು ಒತ್ತಿ, ವಿಮಾನದ ಬಾಲದ ಕೆಳಗೆ ಅದನ್ನು ತಳ್ಳಿದಳು. ಅಳತೆ ಮಾಡಿ ಮಾಡಿಸಿದಂತೆ ಕೂತಿತು. ಆಮೇಲೆ ಗಂಡನ ತೋರುಬೆರಳನ್ನು ತನ್ನ ಎರಡು ಬೆರಳಲ್ಲಿ ಹಿಡಿದು, ಹಾಲು ಕುಡಿದು ಮಲಗಿದ ಮಗುವಿನ ಮುಷ್ಟಿಯಿಂದ ಸೆರಗು ಬಿಡಿಸಿಕೊಳ್ಳುವ ಹಾಗೆ, ಮೆಲ್ಲಗೆ ಬಿಡಿಸಿದಳು.

ಮೂತಿ ಏಳಲಿಲ್ಲ.

“ಬಾಲಕ್ಕೆ ಯಾಕಮ್ಮ ನಿಂಬೆಹಣ್ಣು?” ಎಂದರು ಹಾಲಪ್ಪ. “ಚಕ್ರಕ್ಕಲ್ವಾ ಇಡೋದು?”

“ಚಕ್ರ ಹೆಸರುಬೇಳೆಯಷ್ಟಿದೆ. ಅದರ ಕೆಳಗೆ ಇಟ್ರೆ ಹಣ್ಣಿನ ಮೇಲೆ ವಿಮಾನ ಇಟ್ಟ ಹಾಗಾಗತ್ತೆ. ದೃಷ್ಟಿ ಎಲ್ಲಿಟ್ರೂ ಹೋಗತ್ತೆ ಬಿಡಿ.”

ಹಾಲಪ್ಪ ತಲೆದೂಗಿದರು. ಅರುಳಪ್ಪ ತಲೆದೂಗಲಿಲ್ಲ. ಅವನ ಕಣ್ಣು ಮೂತಿಯಿಂದ ಬಾಲಕ್ಕೆ, ಬಾಲದಿಂದ ನಿಂಬೆಹಣ್ಣಿಗೆ, ನಿಂಬೆಹಣ್ಣಿನಿಂದ ತಿಮ್ಮರಾಯಪ್ಪನ ಒದ್ದೆ ಕಾಲರಿಗೆ ಹೋಯಿತು. ಮೂವತ್ತಮೂರು ವರ್ಷ ವಿಮಾನಗಳನ್ನು ಕಾಲಮೇಲೆ ನಿಲ್ಲಿಸಿದವನಿಗೆ ಎಲ್ಲವೂ ಅರ್ಥವಾಗಿತ್ತು. ಅವನ ತುಟಿ ಒಂದು ಕಡೆಗೆ ಎಳೆಯಿತು.

ಅದೇ ಗಳಿಗೆಯಲ್ಲಿ ಹಾಲಪ್ಪ, ಮಂತ್ರಕ್ಕಾಗಿ ಕಣ್ಣು ಮುಚ್ಚಿಕೊಂಡೇ, ವಿಭೂತಿಯ ಒದ್ದೆ ಕೈಯ ಮೂರು ಬೆರಳುಗಳನ್ನು ಅರುಳಪ್ಪನ ವಿಮಾನದ ರೆಕ್ಕೆಯ ಮೇಲೆ ಗಟ್ಟಿಯಾಗಿ ಎಳೆದರು. ಬೆರಳಿನ ಜತೆ ಬಣ್ಣವೂ ಬಂತು. ವಿಭೂತಿ ಇರಬೇಕಾದ ಕಡೆ ಬರೀ ಪ್ಲಾಸ್ಟಿಕ್ಕಿನ ಮೂರು ಬೂದು ಪಟ್ಟೆಗಳು ಹೊಳೆದವು.

ತೊಳೆದಿಲ್ಲ. ಅರುಳಪ್ಪ ತುಂಡುಗಳನ್ನು ತೊಳೆಯದೆ ಬಣ್ಣ ಬಳಿದಿದ್ದ.

ವೀರಗಾಥೆಗಳಲ್ಲಿ ಇಂತಹ ಗಳಿಗೆಗೆ ಶಂಖ ಊದುತ್ತಾರೆ. ತಿಮ್ಮರಾಯಪ್ಪನ ಗಂಟಲಿನಲ್ಲಿ ಸೇನಾಪತಿ ಎದ್ದು ನಿಂತ. ಮೂವತ್ತಮೂರು ವರ್ಷದ ಉತ್ತರ, ಬೀಗರ ಕಾಂಪೌಂಡಿನ ಸಮೇತ, ನಾಲಿಗೆಯ ತುದಿಗೆ ಬಂದು ಕೂತಿತು. ಅವನು ವೈರಿಯ ಮುಖ ನೋಡಿದ. ಅರುಳಪ್ಪ ಆ ಮೂರು ಪಟ್ಟೆಗಳನ್ನೇ ನೋಡುತ್ತಿದ್ದ. ಅವನ ಬಲಗೈ, ಹಿಡಿಯಲು ಏನೂ ಇಲ್ಲದೆ, ಅಂಗಿಯ ಗುಂಡಿ ಹಿಡಿದುಕೊಂಡಿತ್ತು.

ತಿಮ್ಮರಾಯಪ್ಪ ಬೆಂಚಿನ ಮೇಲಿದ್ದ ಹೂಮಾಲೆಯೊಂದನ್ನೆತ್ತಿ, ವಿಮಾನಕ್ಕೆ ಹಾಕುವವನಂತೆ, ಆ ಮೂರು ಪಟ್ಟೆಗಳ ಮೇಲೆ ಅಡ್ಡಲಾಗಿ ಹಾಸಿದ. ಹಾಲಪ್ಪ ಕಣ್ಣು ತೆರೆದಾಗ ಅಲ್ಲಿ ಚೆಂಡುಹೂವಷ್ಟೇ ಇತ್ತು.

“ಇದರ ಬಣ್ಣ ಭಾರಿ ಚೆನ್ನಾಗಿದೆ,” ಎಂದರು ಹಾಲಪ್ಪ, ಮುಂದಿನ ವಿಮಾನಕ್ಕೆ ಬಂದು. “ಬಣ್ಣ ಹಾಕಿದ್ದು ತಿಮ್ಮರಾಯಪ್ಪ ಅಂತ ಗೊತ್ತಾಗತ್ತೆ.”

ಹೊರಗೆ ಯಾರದೋ ಕಾರು ಹಣ್ಣಿನ ಮೇಲೆ ಹರಿದು ಪಚಕ್ಕೆಂದಿತು.

“ಬಣ್ಣ ಅಷ್ಟೇ ಅಲ್ಲ ಸರ್,” ಎಂದ ಅರುಳಪ್ಪ. “ಕಟ್ಟಿದ್ದೂ ಇವನೇ.”

ಹಾಲಪ್ಪ ಮುಂದೆ ಹೋದಮೇಲೆ ಅವನು ತಿಮ್ಮರಾಯಪ್ಪನ ಕಿವಿಗೆ ಬಗ್ಗಿದ. “ಮೂತೀಲಿ ತೂಕ ಇಲ್ದೆ ಕಟ್ಟಿದ ಬಡ್ಡೀಮಗ.”

“ನೀನು ಸೋಪು ಹಾಕ್ದೆ ಬಳಿದೋನು.”

“ಸೋಪು ಹಾಕ್ಬೇಕಾ?”

“ಭಾನುವಾರ ತಗೊಂಡು ಬಾ ಮನೆಗೆ. ಎಲ್ಲ ಕಿತ್ತು ಮತ್ತೆ ಹೊಡೆಯೋಣ.”

“ನೀನು ಹೊಡಿ. ನಾನು ನಿನ್ನದರ ಹೊಟ್ಟೆ ಕೊಯ್ದು ತೂಕ ಇಡ್ತೀನಿ.”

“ನನ್ನದನ್ನ ಮುಟ್ಟಿದ್ರೆ ಕೈ ಮುರೀತೀನಿ,” ಎಂದ ತಿಮ್ಮರಾಯಪ್ಪ. ಇಬ್ಬರೂ ಬೋಂಡ ಎಲ್ಲಿದೆಯೆಂದು ನೋಡಲು ಹೋದರು.

ಹೀಗೆ ಪ್ರತಿಜ್ಞೆ ನೆರವೇರಿ, ಮಹಾರಥಿ ದಿಗ್ವಿಜಯಿಯಾಗಿ ಹಿಂತಿರುಗಿದ. ಮನೆಗೆ ಬಂದು ಊಟದ ಮೇಜನ್ನು ಒರೆಸಿ, ಅಂಟು ಬಿದ್ದಲ್ಲಿ ಉಗುರಿನಿಂದ ಕೆರೆದು, ರಾಜ್ಯವನ್ನು ಅದರ ಒಡತಿಗೆ ಒಪ್ಪಿಸಿದ. ವಿಮಾನವನ್ನು ಫ್ರಿಜ್ಜಿನ ಮೇಲೆ, ನಿಂಬೆಹಣ್ಣಿನ ಸಮೇತ, ನಿಲ್ಲಿಸಿದ. ಆಗ ಅವನಿಗೊಂದು ಲೆಕ್ಕ ಹೊಳೆಯಿತು.

“ಅಲ್ಲ ಕಣೇ. ಸ್ಕೂಟರಿಗೆ ಇರೋದು ಎರಡೇ ಚಕ್ರ. ಮೂರನೇ ಹಣ್ಣು ಯಾಕೆ ತಗೊಂಡಿದ್ದೆ?”

ಸುಭದ್ರಮ್ಮ ಬಾಣಲೆ ಒಲೆಗಿಡುತ್ತಿದ್ದಳು. “ಮೂರು ತಿಂಗಳಿಂದ ದಿನಾ ಮೂರು ಹೊತ್ತು ಸಾಸಿವೆ ಡಬ್ಬ ಎತ್ತಿಡ್ತಿದೀನಿ. ಆ ಚಿತ್ರ ನನಗೆ ಕಣ್ಣು ಮುಚ್ಚಿದ್ರೂ ಕಾಣತ್ತೆ.”

ಅವನು ಕಪಾಟಿನ ಬಳಿ ಹೋಗಿ ಡಬ್ಬ ಸರಿಸಿ, ಎಣ್ಣೆಯ ವೃತ್ತ ಮೂಡಿದ್ದ ಆ ಹಾಳೆಯನ್ನು ಮೊದಲ ಸಲ ಓದಿದ. ಹಾಳೆಯಿಂದ ಕತ್ತೆತ್ತಿ ಕೇಳಿದ. “ಹತ್ತು ಗ್ರಾಂ ಅಂದ್ರೆ ಎಷ್ಟಾಗತ್ತೆ?”

“ಎರಡು ಒಗ್ಗರಣೆಗೆ ಆಗೋ ಸಾಸಿವೆ,” ಎಂದಳು ಅವಳು. “ಆ ನಿಂಬೆಹಣ್ಣು ತೊಳೆದು ಕೊಡಿ. ತುಳಿದಿಲ್ಲ, ಒಡೆದಿಲ್ಲ, ಚೆನ್ನಾಗೇ ಇದೆ. ಚಿತ್ರಾನ್ನಕ್ಕೆ ಮನೇಲಿ ಬೇರೆ ಹುಳಿ ಇಲ್ಲ.”

ವೀರನು ನಿಂಬೆಹಣ್ಣನ್ನು ಬಾಲದ ಕೆಳಗಿನಿಂದ ತೆಗೆದ. ಎಂಬತ್ತು ದಿನಗಳ ಅಂಟು, ಬಣ್ಣ, ಬೆವರು, ಒಂದು ಪ್ರತಿಜ್ಞೆ ಮತ್ತು ನೂರ ಹದಿನೆಂಟು ತುಂಡುಗಳ ಆ ಗಗನಭೇದಿ, ಮೂತಿಯನ್ನು ಫ್ಯಾನಿನ ಕಡೆಗೆತ್ತಿ, ಫ್ರಿಜ್ಜಿನ ಮೇಲೆ ಮೆಲ್ಲಗೆ ತನ್ನ ಬಾಲದ ಮೇಲೆ ಕೂತಿತು. ಅಡುಗೆಮನೆಯಲ್ಲಿ ಎಣ್ಣೆ ಕಾದಿತ್ತು. ಸಾಸಿವೆ ಸಿಡಿಯಿತು.